ಅಂಡಾಶಯದಲ್ಲಿ ಅಂಡಕಗಳ ಜೋಡಣೆ: ಕಾಯಿ ಬಿಡಿಸಿ ನೋಡಿ, ನಷ್ಟದ ಕಾರಣ ತಿಳಿಯಿರಿ



ಸುರಪುರ ಸೀಮೆಯ ಕಕ್ಕೇರಾ ಸುತ್ತಮುತ್ತ ತೊಗರಿ, ಹತ್ತಿ, ಶೇಂಗಾ, ಸಜ್ಜೆ, ಸೂರ್ಯಕಾಂತಿ, ಮೆಣಸಿನಕಾಯಿ ಎಲ್ಲವೂ ಬೆಳೆಯುತ್ತವೆ. ನಾರಾಯಣಪುರದ ಬಸವಸಾಗರ ಜಲಾಶಯದಿಂದ ಎಡದಂಡೆ ಕಾಲುವೆಯ ನೀರು ಹರಿದ ಮೇಲೆ ಈ ಸೀಮೆಯಲ್ಲಿ ಭತ್ತವೂ ಮುಖ್ಯ ಬೆಳೆಯಾಗಿದೆ. ಬೆಳೆ ಯಾವುದೇ ಇರಲಿ, ರಾಶಿಯ ಹೊತ್ತಿಗೆ ಕೇಳಿಬರುವ ಮಾತು ಮಾತ್ರ ಒಂದೇ: "ಹೂವು ಚೆನ್ನಾಗಿತ್ತು, ಕಾಯಿಯೂ ಹಿಡಿದಿತ್ತು, ಕಾಳು ಮಾತ್ರ ಕೈಗೆ ಹತ್ತಲಿಲ್ಲ."

ಇಂಥ ಸಮಯದಲ್ಲಿ ಬಹಳಷ್ಟು ರೈತರು ಅಂಗಡಿಗೆ ಹೋಗಿ ಯಾವುದೋ ಒಂದು ಔಷಧಿ ತಂದು ಸಿಂಪಡಿಸುತ್ತಾರೆ. ಕೆಲವರು ಇನ್ನೊಂದು ಚೀಲ ಯೂರಿಯಾ ಹಾಕುತ್ತಾರೆ. ಹೀಗೆ ಖರ್ಚಾದ ಹಣ ಎಷ್ಟೋ ಸಲ ಮರಳಿ ಬರುವುದಿಲ್ಲ. ಏಕೆಂದರೆ ಒಂದು ಕಾಯಿಯಲ್ಲಿ ಹೆಚ್ಚೆಂದರೆ ಎಷ್ಟು ಕಾಳು ಆಗಬಹುದು ಎಂಬುದು ಹೂವು ಅರಳುವ ಮೊದಲೇ, ಅದರ ಅಂಡಾಶಯದೊಳಗೆ ನಿಗದಿಯಾಗಿರುತ್ತದೆ. ನಂತರ ನಾವು ಮಾಡುವ ಕೆಲಸವೆಲ್ಲ ಆ ಸಂಖ್ಯೆಯನ್ನು ಉಳಿಸಿಕೊಳ್ಳುವುದಕ್ಕೇ ಹೊರತು ಹೆಚ್ಚಿಸುವುದಕ್ಕಲ್ಲ. ಎಲ್ಲಿ, ಯಾವಾಗ, ಯಾವ ಕಾರಣಕ್ಕೆ ಕಾಳು ತಪ್ಪಿತು ಎಂಬುದನ್ನು ಕಾಯಿಯನ್ನು ಬಿಡಿಸಿ ನೋಡಿದರೆ ಬಹುಮಟ್ಟಿಗೆ ತಿಳಿಯಬಹುದು. ಅದಕ್ಕೆ ಬೇಕಾದುದು ಒಂದು ಹರಿತವಾದ ಬ್ಲೇಡು ಮತ್ತು ಕಾಯಿಯೊಳಗೆ ಬೀಜಗಳು ಹೇಗೆ ಕುಳಿತಿರುತ್ತವೆ ಎಂಬ ಸ್ವಲ್ಪ ತಿಳಿವಳಿಕೆ. ಆ ತಿಳಿವಳಿಕೆಯನ್ನು ಕೊಡುವುದೇ ಈ ಲೇಖನದ ಉದ್ದೇಶ.

ಹೂವಿನೊಳಗೆ ಏನಿದೆ?

ಹೂವಿನ ನಟ್ಟನಡುವೆ ಇರುವ ಹೆಣ್ಣು ಭಾಗದ ಬುಡದಲ್ಲಿ ಉಬ್ಬಿದ ಒಂದು ಗೂಡು ಇರುತ್ತದೆ. ಇದೇ ಅಂಡಾಶಯ. ಅದರ ಮೇಲಿನ ಸಣ್ಣ ಕಡ್ಡಿಯೇ ಶಲಾಕೆ, ಶಲಾಕೆಯ ತುದಿಯೇ ಶಲಾಕಾಗ್ರ. ಅಂಡಾಶಯದೊಳಗೆ ಇರುವ ಸಣ್ಣ ಸಣ್ಣ ಗುಂಡುಗಳಿಗೆ ಅಂಡಕಗಳೆಂದು ಹೆಸರು. ಪರಾಗದ ಕಣ ಶಲಾಕಾಗ್ರದ ಮೇಲೆ ಬಿದ್ದು, ಮೊಳೆತು, ಕೂದಲಿಗಿಂತ ಸಣ್ಣ ನಳಿಕೆಯಾಗಿ ಕೆಳಗಿಳಿದು ಒಂದು ಅಂಡಕವನ್ನು ಮುಟ್ಟಿದರೆ ಅದು ಫಲಿತವಾಗುತ್ತದೆ. ಹೀಗೆ ಫಲಿತವಾದ ಅಂಡಕವೇ ಬೀಜ, ಬಲಿತ ಅಂಡಾಶಯವೇ ಕಾಯಿ. ಒಂದು ಅಂಡಕಕ್ಕೆ ಒಂದು ಪರಾಗ ನಳಿಕೆ ಬೇಕು. ಐದು ಕಾಳಿನ ಕಾಯಿಗೆ ಕನಿಷ್ಠ ಐದು ಪರಾಗ ಕಣಗಳು ಬೇಕೇ ಬೇಕು.

ಅಂಡಕವು ಅಂಡಾಶಯದಲ್ಲಿ ಸುಮ್ಮನೆ ಬಿದ್ದುಕೊಂಡಿರುವುದಿಲ್ಲ. ಕರು ಗರ್ಭದಲ್ಲಿ ಹೊಕ್ಕುಳ ಬಳ್ಳಿಯಿಂದ ಪೋಷಣೆ ಪಡೆಯುವಂತೆ, ಅಂಡಕವೂ ಒಂದು ಕಿರು ತೊಟ್ಟಿನ ಮೂಲಕ ಅಂಡಾಶಯದ ಒಂದು ನಿರ್ದಿಷ್ಟ ಜಾಗಕ್ಕೆ ಅಂಟಿಕೊಂಡು ಅಲ್ಲಿಂದ ಅನ್ನ ನೀರು ಪಡೆಯುತ್ತದೆ. ಈ ಜಾಗಕ್ಕೆ ಸಸ್ಯಶಾಸ್ತ್ರದಲ್ಲಿಯೂ ಜರಾಯು ಎಂದೇ ಹೆಸರು. ತೊಗರಿ ಅಥವಾ ಅವರೆ ಕಾಳಿನ ಮೇಲೆ ಕಾಣುವ ಬಿಳಿಯ ಕಣ್ಣು ಈ ತೊಟ್ಟು ಕಳಚಿದ ಗುರುತು. ಜರಾಯು ಅಂಡಾಶಯದ ಯಾವ ಭಾಗದಲ್ಲಿದೆ ಎಂಬುದರ ಮೇಲೆ ಅಂಡಕಗಳ ಜೋಡಣೆಯನ್ನು ಮುಖ್ಯವಾಗಿ ಐದು ಬಗೆಯಾಗಿ ವಿಂಗಡಿಸಲಾಗಿದೆ: ಅಂಚಿನ ಜೋಡಣೆ, ನಡುಗಂಬದ ಜೋಡಣೆ, ಗೋಡೆಯ ಜೋಡಣೆ, ಬಿಡಿಗಂಬದ ಜೋಡಣೆ ಮತ್ತು ತಳದ ಜೋಡಣೆ.

1. ಅಂಚಿನ ಜೋಡಣೆ: ತೊಗರಿ, ಕಡಲೆ, ಹೆಸರು, ಶೇಂಗಾ

ಒಂದು ವೀಳ್ಯದೆಲೆಯನ್ನು ನಡುನರದ ಗುಂಟ ಉದ್ದಕ್ಕೆ ಮಡಿಸಿ, ಎರಡೂ ಅಂಚುಗಳನ್ನು ಕೂಡಿಸಿ ಹಿಡಿಯಿರಿ. ಅಂಚುಗಳ ಒಳಬದಿಗೆ ಸಾಲಾಗಿ ಕಾಳು ಅಂಟಿಸಿದಂತೆ ಕಲ್ಪಿಸಿಕೊಳ್ಳಿ. ತೊಗರಿ ಕಾಯಿಯ ರಚನೆ ಇದೇ. ಅಂಡಾಶಯ ಎಂಬುದು ಮಡಿಸಿದ ಎಲೆಯಂಥ ಅಂಗ ಎಂಬ ಈ ವಿಚಾರ ಹಳೆಯದು. ಇದಕ್ಕೆ ಗಟ್ಟಿಯಾದ ಆಧಾರ ಒದಗಿಸಿದವರಲ್ಲಿ ನಮ್ಮ ಕನ್ನಡಿಗರೇ ಆದ ಡಾ. ಬಿ.ಜಿ.ಎಲ್. ಸ್ವಾಮಿಯವರೂ ಒಬ್ಬರು. 'ಹಸುರು ಹೊನ್ನು' ಬರೆದ ಸಾಹಿತಿಯೆಂದು ನಾವು ಬಲ್ಲ ಸ್ವಾಮಿಯವರು ಸಸ್ಯಗಳ ಅಂಗರಚನೆಯಲ್ಲಿ ದೊಡ್ಡ ವಿಜ್ಞಾನಿ. ಅಮೆರಿಕದ ಹಾರ್ವರ್ಡ್ ವಿಶ್ವವಿದ್ಯಾಲಯದ ಪ್ರೊ. ಬೈಲಿ ಅವರೊಡನೆ ಸೇರಿ 1951ರಲ್ಲಿ ಪ್ರಕಟಿಸಿದ ಪ್ರಬಂಧದಲ್ಲಿ, ಪುರಾತನ ಲಕ್ಷಣಗಳುಳ್ಳ ಹೂಗಿಡಗಳ ಅಂಡಾಶಯ ನಡುನರದ ಗುಂಟ ಮಡಿಸಿದ ಎಲೆಯಂತೆ ಇರುವುದನ್ನೂ ಅದರ ಅಂಚುಗಳು ಕಾಲಕ್ರಮದಲ್ಲಿ ಬೆಸೆದುಕೊಂಡ ಬಗೆಯನ್ನೂ ಅವರು ವಿವರಿಸಿದರು. ಹೂಜಿಯ ಆಕಾರದ ಅಂಡಾಶಯವೂ ಅಷ್ಟೇ ಹಳೆಯದಿರಬಹುದೆಂದು ನಂತರದ ಸಂಶೋಧನೆಗಳು ಸೂಚಿಸಿವೆ. ಆದರೂ ತೊಗರಿ ಕಾಯಿಯನ್ನು ಅರಿಯಲು ಮಡಿಸಿದ ಎಲೆಗಿಂತ ಸುಲಭದ ದಾರಿಯಿಲ್ಲ. ಹೀಗೆ ಮಡಿಸಿದ ಒಂದು ಎಲೆಯಂಥ ಅಂಗಕ್ಕೆ ಕಾರ್ಪೆಲು ಎನ್ನುತ್ತಾರೆ.

ಒಂದು ಹಸಿ ತೊಗರಿ ಕಾಯಿಯನ್ನು ಬೆಸುಗೆಯ ಗುಂಟ ಮೆಲ್ಲಗೆ ಬಿಡಿಸಿ ನೋಡಿ. ಮೊದಲ ಕಾಳು ಒಂದು ಹೋಳಿಗೆ ಅಂಟಿದ್ದರೆ ಎರಡನೆಯದು ಇನ್ನೊಂದು ಹೋಳಿಗೆ ಅಂಟಿರುತ್ತದೆ. ಪ್ರತಿ ಕಾಳಿಗೂ ತನ್ನದೇ ಆದ ಜಾಗ ಇದೆ. ಕಾಳು ಆಗದಿದ್ದ ಜಾಗದಲ್ಲಿಯೂ ಸಾಸಿವೆಗಿಂತ ಸಣ್ಣ ಒಣಗಿದ ಅಂಡಕ ಉಳಿದಿರುತ್ತದೆ. ಇದನ್ನು ನೋಡಿ ಕಾರಣವನ್ನು ಹೀಗೆ ಗುರುತಿಸಬಹುದು:

ಅ) ಕಾಯಿಯ ಮೇಲೆ ದುಂಡಗಿನ ತೂತು ಇದ್ದು, ಒಳಗೆ ಕಾಳು ತಿಂದುಹೋಗಿದ್ದರೆ ಅದು ಕಾಯಿಕೊರಕದ ಕೆಲಸ.

ಆ) ಹೊರಗೆ ಕಾಯಿ ಸರಿಯಾಗಿಯೇ ಕಂಡು, ಒಳಗೆ ಕಾಳಿನ ಮೇಲೆ ಗೆರೆ ಕೊರೆದು ಸಣ್ಣ ಬಿಳಿ ಹುಳು ಅಥವಾ ಕಂದು ಕೋಶ ಕಂಡರೆ ಅದು ಕಾಯಿನೊಣ.

ಇ) ತೂತೂ ಇಲ್ಲದೆ, ಹುಳುವೂ ಇಲ್ಲದೆ, ಕಾಳಿನ ಜಾಗದಲ್ಲಿ ಒಣಗಿದ ಚುಕ್ಕೆ ಮಾತ್ರ ಇದ್ದರೆ ಆ ಅಂಡಕ ಫಲಿತವಾಗಿಲ್ಲ, ಇಲ್ಲವೇ ಫಲಿತವಾಗಿಯೂ ಪೋಷಣೆ ಸಿಗದೆ ಸತ್ತಿದೆ. ಹೂವಿನ ಕಾಲದಲ್ಲಿ ತೇವದ ಕೊರತೆ ಆದಾಗ ಇದು ಹೆಚ್ಚು.

ಮೊದಲೆರಡು ಸಂದರ್ಭಗಳಲ್ಲಿ ಕೀಟದ ಹತೋಟಿ ಬೇಕು. ಮೂರನೆಯದಕ್ಕೆ ಕೀಟನಾಶಕ ಹೊಡೆಯುವುದು ಹಣವನ್ನು ಹಳ್ಳಕ್ಕೆ ಸುರಿದಂತೆ. ಅಲ್ಲಿ ಬೇಕಾಗಿದ್ದುದು ಹೂವಾಡುವಾಗ ಮತ್ತು ಕಾಯಿ ಕಟ್ಟುವಾಗ ಒಂದೊಂದು ರಕ್ಷಣಾತ್ಮಕ ನೀರು. ತೊಗರಿಯಲ್ಲಿ ಅರಳಿದ ಹೂವುಗಳಲ್ಲಿ ಬಹುಪಾಲು ಉದುರಿಹೋಗುವುದು ಸಹಜ. ಈ ಉದುರುವಿಕೆಯನ್ನು ಕಡಿಮೆ ಮಾಡಲು ರಾಯಚೂರು ಕೃಷಿ ವಿಜ್ಞಾನಗಳ ವಿಶ್ವವಿದ್ಯಾಲಯವು ರೂಪಿಸಿದ 'ಪಲ್ಸ್ ಮ್ಯಾಜಿಕ್' ಅನ್ನು ಲೀಟರ್ ನೀರಿಗೆ 10 ಗ್ರಾಂನಂತೆ ಬೆರೆಸಿ, ಅರ್ಧದಷ್ಟು ಗಿಡಗಳು ಹೂವಾಡಿದಾಗ ಒಮ್ಮೆ, 15 ದಿನಗಳ ನಂತರ ಮತ್ತೊಮ್ಮೆ ಸಿಂಪಡಿಸಬಹುದು. ಕಾಳು ಬಲಿಯುವ ಹೊತ್ತಿನಲ್ಲಿ ಸಿಂಪಡಿಸಿದರೆ ಉದುರಿದ ಹೂವು ಮರಳಿ ಬರುವುದಿಲ್ಲ.

ಶೇಂಗಾ ಕೂಡ ಇದೇ ಕುಲದ್ದು, ಜೋಡಣೆಯೂ ಅಂಚಿನದೇ. ಆದರೆ ಅದರ ನಡತೆ ಬೇರೆ. ಹೂವು ಬೆಳಗಿನ ಜಾವ ಅರಳಿ ಅಂದೇ ಬಾಡುತ್ತದೆ. ನಂತರ ಅಂಡಾಶಯದ ಬುಡ ಸೂಜಿಯಂತೆ ಉದ್ದ ಬೆಳೆದು ಊಡಾಗಿ ನೆಲಕ್ಕಿಳಿಯುತ್ತದೆ. ಫಲಿತವಾದ ಅಂಡಕಗಳು ಆ ಊಡಿನ ತುದಿಯಲ್ಲಿಯೇ ಕುಳಿತು ಮಣ್ಣೊಳಗೆ ಹೋಗುತ್ತವೆ. ಕತ್ತಲು ಮತ್ತು ತೇವ ಸಿಕ್ಕ ಮೇಲೆಯೇ ಕಾಯಿ ಉಬ್ಬುವುದು. ಊಡು ಇಳಿಯುವಾಗ ಎಡೆ ಹೊಡೆದರೆ ತುಂಡಾಗುವುದು ಬರಿ ಕಡ್ಡಿಯಲ್ಲ, ಎರಡು ಮೂರು ಕಾಳುಗಳೂ ಹೋಗುತ್ತವೆ. ಆದ್ದರಿಂದ ಬಿತ್ತಿದ 45 ದಿನಗಳ ನಂತರ ಮಣ್ಣು ಕೆದಕಬಾರದು. ಇನ್ನೊಂದು ಮಾತು: ಬೆಳೆಯುವ ಕಾಯಿ ತನಗೆ ಬೇಕಾದ ಸುಣ್ಣದ ಅಂಶವನ್ನು ಬೇರಿನಿಂದಲ್ಲ, ತನ್ನ ಸಿಪ್ಪೆಯ ಮೂಲಕ ಸುತ್ತಲಿನ ಮಣ್ಣಿನಿಂದ ನೇರವಾಗಿ ಹೀರುತ್ತದೆ. ಸಿಪ್ಪೆ ದೊಡ್ಡದಾಗಿ ಒಳಗೆ ಕಾಳು ಜೊಳ್ಳಾಗಿದ್ದರೆ ಸುಣ್ಣದ ಕೊರತೆಯನ್ನು ಶಂಕಿಸಬೇಕು. ಕೆಂಪು ಮಸಾರಿ ಮತ್ತು ಮರಳು ಮಿಶ್ರಿತ ನೆಲಗಳಲ್ಲಿ ಎಕರೆಗೆ 200 ಕಿಲೋ ಜಿಪ್ಸಂ ಅನ್ನು ಹೂವಾಡುವ ಹೊತ್ತಿಗೆ ಗಿಡದ ಬುಡಕ್ಕೆ ಹಾಕಿ ಮಣ್ಣು ಏರಿಸುವುದು ಇದಕ್ಕಾಗಿಯೇ.

2. ನಡುಗಂಬದ ಜೋಡಣೆ: ಹತ್ತಿ, ಬೆಂಡಿ, ಮೆಣಸಿನಕಾಯಿ, ಎಳ್ಳು

ಒಂದು ಎಳೆ ಬೆಂಡಿಕಾಯಿಯನ್ನು ಅಡ್ಡ ಕೊಯ್ಯಿರಿ. ಐದು ಕೋಣೆಗಳ ಚಕ್ರ ಕಾಣುತ್ತದೆ. ಐದು ಕಾರ್ಪೆಲುಗಳು ಬೆನ್ನು ಹೊರಗೆ ಮಾಡಿ, ಅಂಚುಗಳನ್ನು ಒಳಗೆ ಚಾಚಿ ನಡುವೆ ಕೂಡಿಕೊಂಡಿವೆ. ಕೂಡಿದಲ್ಲಿ ಒಂದು ಕಂಬವಾಗಿದೆ. ಬೀಜಗಳೆಲ್ಲ ಆ ಕಂಬಕ್ಕೆ ಅಂಟಿ ತಮ್ಮ ತಮ್ಮ ಕೋಣೆಯಲ್ಲಿ ಕುಳಿತಿವೆ. ಮನೆಯಲ್ಲಿರುವ ಮಕ್ಕಳಿಗೂ ಇದನ್ನು ತೋರಿಸಿ. ಶಾಲೆಯ ಪುಸ್ತಕದ ಚಿತ್ರಕ್ಕಿಂತ ಚೆನ್ನಾಗಿ ತಿಳಿಯುತ್ತದೆ.

ಬೆಂಡಿಯ ಹತ್ತಿರದ ಸಂಬಂಧಿಯೇ ಹತ್ತಿ. ಅಮೆರಿಕನ್ ಹತ್ತಿಯ ಕಾಯಿಯಲ್ಲಿ 4 ಅಥವಾ 5, ನಾಡಹತ್ತಿಯಲ್ಲಿ ಸಾಮಾನ್ಯವಾಗಿ 3 ಅಥವಾ 4 ಕೋಣೆಗಳಿರುತ್ತವೆ. ಕಾಯಿ ಒಡೆದಾಗ ಒಂದೊಂದು ಕೋಣೆಯ ಅರಳೆ ಒಂದೊಂದು ತೊಳೆಯಾಗಿ ಹೊರಬರುತ್ತದೆ. ಇಲ್ಲಿ ಗಮನಿಸಬೇಕಾದ ಸಂಗತಿ ಒಂದಿದೆ. ಅರಳೆಯ ಪ್ರತಿಯೊಂದು ಎಳೆಯೂ ಅಂಡಕದ ಹೊರಚರ್ಮದ ಒಂದೇ ಒಂದು ಜೀವಕೋಶ ಉದ್ದವಾಗಿ ಬೆಳೆದು ಆದದ್ದು. ಹೂವು ಅರಳುವ ದಿನದ ಸುಮಾರಿಗೆ ಈ ಎಳೆಗಳು ಮೊಳೆಯತೊಡಗಿ ಮುಂದಿನ ಮೂರು ವಾರ ಉದ್ದವಾಗುತ್ತವೆ. ಅಂಡಕ ಫಲಿತವಾಗದೆ ಸತ್ತರೆ ಅದರ ಮೇಲಿನ ಸಾವಿರಾರು ಎಳೆಗಳೂ ಗಿಡ್ಡವಾಗಿ ಉಳಿಯುತ್ತವೆ. ಆದ್ದರಿಂದ ಹತ್ತಿಯಲ್ಲಿ ಅಂಡಕ ಕಳೆದುಕೊಂಡರೆ ಬೀಜದ ಜೊತೆಗೆ ಅರಳೆಯನ್ನೂ ಕಳೆದುಕೊಂಡಂತೆ.

ಅಮೆರಿಕನ್ ಹತ್ತಿಯ ಹೂವು ಮೊದಲ ದಿನ ಕೆನೆಬಣ್ಣ, ಮರುದಿನ ಗುಲಾಬಿ. ಪರಾಗಸ್ಪರ್ಶ ಆಗುವುದು ಮೊದಲ ದಿನ ಮಾತ್ರ. ಹತ್ತಿಯ ಪರಾಗಕ್ಕೆ ನೀರು ತಗಲಿದರೆ ಕಣಗಳು ಒಡೆದುಹೋಗುತ್ತವೆ. ಹೂವು ಅರಳಿರುವ ಬೆಳಗಿನ ಹೊತ್ತು ಮಳೆ ಬಂದರೆ ನಾವು ತಡೆಯಲಾರೆವು, ಆದರೆ ಅದೇ ಹೊತ್ತಿನಲ್ಲಿ ಪಂಪು ಹಿಡಿದು ಸಿಂಪಡಿಸುವುದನ್ನು ತಡೆಯಬಹುದು. ಸಿಂಪರಣೆಯನ್ನು ಸಂಜೆಗೆ ಇಟ್ಟುಕೊಳ್ಳಿ. ಶಲಾಕಾಗ್ರಕ್ಕೆ ಸಾಕಷ್ಟು ಪರಾಗ ಸಿಗದಿದ್ದರೆ ಕೆಲವು ಕೋಣೆಗಳ ಅಂಡಕಗಳು ಫಲಿತವಾಗದೆ, ಕಾಯಿ ಒಂದು ಬದಿಗೆ ಸೊಟ್ಟಗಾಗುತ್ತದೆ.

ಗುಲಾಬಿ ಕಾಯಿಕೊರಕ ಈಗ ಬಿಟಿ ಹತ್ತಿಯಲ್ಲಿಯೂ ದೊಡ್ಡ ಪೀಡೆಯಾಗಿದೆ. ಇದರ ಮರಿಹುಳು ಒಳಹೊಕ್ಕ ತೂತು ಮುಚ್ಚಿಹೋಗುವುದರಿಂದ ಹೊರಗಿನಿಂದ ಕಾಯಿ ಹಸನಾಗಿಯೇ ಕಾಣುತ್ತದೆ. ಒಳಗೆ ಅದು ಒಂದು ಕೋಣೆಯ ಬೀಜಗಳನ್ನು ತಿಂದು, ನಡುವಿನ ಗೋಡೆ ಕೊರೆದು ಪಕ್ಕದ ಕೋಣೆಗೆ ದಾಟಬಲ್ಲದು. ಹೊಲದಲ್ಲಿ ಅಲ್ಲಲ್ಲಿಂದ 15 ರಿಂದ 20 ದಿನದ 20 ಹಸಿರು ಕಾಯಿಗಳನ್ನು ಕಿತ್ತು ಪ್ರತಿ ಕೋಣೆಯನ್ನೂ ಬಿಡಿಸಿ ನೋಡಿ. 2 ಕಾಯಿಗಳಲ್ಲಿ ಹುಳು ಅಥವಾ ಹುಳು ತಿಂದ ಗುರುತು ಕಂಡರೆ ಹತೋಟಿ ಕ್ರಮಕ್ಕೆ ತಡಮಾಡಬಾರದು. ಹುಳುವಿಲ್ಲದೆ ಬರಿ ಒಣಗಿದ ಅಂಡಕಗಳಿದ್ದರೆ ಕಾರಣ ಮಳೆ, ಬಿಸಿಲು ಅಥವಾ ತೇವದ ಕೊರತೆ. ಅದಕ್ಕೆ ಕೀಟನಾಶಕ ಮದ್ದಲ್ಲ.

ಮೆಣಸಿನಕಾಯಿಯನ್ನು ಸೀಳಿದಾಗ ನಡುವೆ ಬೀಜ ಹೊತ್ತ ಬಿಳಿಯ ತಿರುಳು ಕಾಣುತ್ತದಲ್ಲವೇ? ಅದೇ ಅದರ ಜರಾಯು. ಖಾರ ಬೀಜದಲ್ಲಿದೆ ಎಂಬುದು ಎಲ್ಲರ ನಂಬಿಕೆ. ನಿಜವಾಗಿ ಖಾರದ ಅಂಶ ತಯಾರಾಗುವುದು ಈ ಬಿಳಿ ತಿರುಳಿನಲ್ಲಿ. ಬೀಜಕ್ಕೆ ಅದು ಬರಿ ಸೋಕಿರುತ್ತದೆ.

ಎಳ್ಳಿನ ಬೀಜಗಳೂ ನಡುಗಂಬಕ್ಕೇ ಅಂಟಿರುತ್ತವೆ. ಕಾಯಿ ಒಣಗಿದಾಗ ತುದಿಯಿಂದ ಬಾಯಿ ಬಿಡುತ್ತದೆ, ಕಿರು ತೊಟ್ಟುಗಳೂ ಕಳಚುತ್ತವೆ. ಗಿಡ ಬಾಗಿದರೆ ಸಾಕು, ಎಳ್ಳು ನೆಲಕ್ಕೆ. ಆದ್ದರಿಂದ ಕೆಳಗಿನ ಕಾಯಿಗಳು ಹಳದಿಯಾಗುತ್ತಲೇ ಕೊಯ್ದು, ಸಿವುಡುಗಳನ್ನು ತುದಿ ಮೇಲಾಗಿ ನಿಲ್ಲಿಸಿ ಒಣಗಿಸಬೇಕು.

3. ಗೋಡೆಯ ಜೋಡಣೆ: ಸವತಿ, ಹೀರೆ, ಕಲ್ಲಂಗಡಿ, ಪಪ್ಪಾಯಿ

ಪಪ್ಪಾಯಿಯನ್ನು ಸೀಳಿದರೆ ನಡುವೆ ಕಂಬವಿಲ್ಲ, ಟೊಳ್ಳು. ಬೀಜಗಳೆಲ್ಲ ಒಳಗೋಡೆಗೆ ಅಂಟಿವೆ. ಕಾರ್ಪೆಲುಗಳು ಅಂಚಿಗೆ ಅಂಚು ಸೇರಿ ಒಂದೇ ಕೋಣೆಯಾದಾಗ ಹೀಗಾಗುತ್ತದೆ. ಸವತಿ, ಹೀರೆ, ಕಲ್ಲಂಗಡಿಗಳಲ್ಲಿಯೂ ಜೋಡಣೆ ಗೋಡೆಯದೇ. ಆದರೆ ಜರಾಯುಗಳು ಒಳಕ್ಕೆ ಉಬ್ಬಿ ನಡುವೆ ಕೂಡುವುದರಿಂದ ಟೊಳ್ಳು ಕಾಣುವುದಿಲ್ಲ.

ಈ ಗುಂಪಿನ ಬಳ್ಳಿಗಳಲ್ಲಿ ಬೀಜ ಕಟ್ಟಿದ ಕಡೆ ಮಾತ್ರ ತಿರುಳು ತುಂಬುತ್ತದೆ. ಬೆಳೆಯುವ ಬೀಜಗಳೇ ಸುತ್ತಲಿನ ಗೋಡೆಗೆ 'ಬೆಳೆ' ಎಂದು ಹೇಳುವಂಥ ರಸಗಳನ್ನು ಕಳಿಸುತ್ತವೆ. ಸವತಿಕಾಯಿ ಒಂದು ತುದಿಯಲ್ಲಿ ಸೊರಗಿದ್ದರೆ, ಕಲ್ಲಂಗಡಿ ಒಂದು ಬದಿಗೆ ಚಪ್ಪಟೆಯಾಗಿದ್ದರೆ ಕೊಯ್ದು ನೋಡಿ. ಆ ಭಾಗದಲ್ಲಿ ಬೀಜಗಳು ಜೊಳ್ಳಾಗಿದ್ದರೆ ಅಲ್ಲಿನ ಅಂಡಕಗಳಿಗೆ ಪರಾಗ ತಲುಪಿಲ್ಲವೆಂದು ತಿಳಿಯಬೇಕು. ಕಲ್ಲಂಗಡಿಯ ಹೆಣ್ಣು ಹೂವು ಬೆಳಿಗ್ಗೆ ಅರಳಿ ಅಂದೇ ಮಧ್ಯಾಹ್ನದ ಹೊತ್ತಿಗೆ ಮುಚ್ಚಿಕೊಳ್ಳುತ್ತದೆ. ನೂರಾರು ಅಂಡಕಗಳಿಗೆ ಆಗುವಷ್ಟು ಪರಾಗ ಅಷ್ಟರಲ್ಲೇ ತಲುಪಬೇಕಾದರೆ ಜೇನುನೊಣಗಳು ಹಲವು ಬಾರಿ ಬಂದುಹೋಗಬೇಕು. ಬಳ್ಳಿ ಹೂವಾಡುವಾಗ ಬೆಳಗಿನ ಹೊತ್ತು ವಿಷ ಸಿಂಪಡಿಸಿದವರು ತಮ್ಮ ಹೊಲದ ಕೂಲಿಯಿಲ್ಲದ ಆಳುಗಳನ್ನು ತಾವೇ ಕೊಂದಂತೆ.

4. ಬಿಡಿಗಂಬದ ಜೋಡಣೆ: ಗೋಳಿಪಲ್ಯ

ಇಲ್ಲಿ ನಡುವೆ ಕಂಬವಿದೆ, ಆದರೆ ಕೋಣೆಗಳ ಗೋಡೆಗಳಿಲ್ಲ. ಹೊಲದ ಬದುವಿನಲ್ಲಿ ಬೆಳೆಯುವ ಗೋಳಿಪಲ್ಯದ ಸಣ್ಣ ಕಾಯಿಯನ್ನು ಇದಕ್ಕೆ ನೋಡಬಹುದು. ಬಲಿತಾಗ ಕಾಯಿಯ ಮೇಲ್ಭಾಗ ಡಬ್ಬಿಯ ಮುಚ್ಚಳದಂತೆ ಕಳಚಿ, ಕರಿಯ ಸಣ್ಣ ಬೀಜಗಳು ಉದುರುತ್ತವೆ. ಪಲ್ಯಕ್ಕೆ ರುಚಿಯಾದರೂ ತೋಟದಲ್ಲಿ ಇದು ಕಳೆ. ಮುಚ್ಚಳ ಕಳಚುವ ಮೊದಲೇ ಕಿತ್ತರೆ ಮುಂದಿನ ವರ್ಷದ ಕಳೆ ಕಡಿಮೆಯಾಗುತ್ತದೆ.

5. ತಳದ ಜೋಡಣೆ: ಸೂರ್ಯಕಾಂತಿ, ಕುಸುಬಿ, ಭತ್ತ, ಜೋಳ, ಸಜ್ಜೆ

ಸೂರ್ಯಕಾಂತಿ ಮತ್ತು ಕುಸುಬಿಯ ಒಂದೊಂದು ಕಿರುಹೂವಿನ ಅಂಡಾಶಯದಲ್ಲಿ ಇರುವುದು ಒಂದೇ ಅಂಡಕ, ಅದೂ ತಳಕ್ಕೆ ಅಂಟಿ. ಭತ್ತ, ಜೋಳ, ಸಜ್ಜೆಗಳಲ್ಲಿಯೂ ಒಂದೇ ಅಂಡಕ. ಅಲ್ಲಿ ಅದು ತಳದ ಸಮೀಪ ಒಂದು ಬದಿಯ ಗೋಡೆಗೆ ಅಂಟಿರುತ್ತದೆ. ತೊಗರಿಯಲ್ಲಿ ಒಂದು ಅಂಡಕ ತಪ್ಪಿದರೆ ಉಳಿದ ಮೂರು ಕಾಳಾದರೂ ಸಿಗುತ್ತವೆ. ಇಲ್ಲಿ ಹಾಗಿಲ್ಲ. ಕಾಳು ಆದರೆ ಆಯಿತು, ಇಲ್ಲವಾದರೆ ಜೊಳ್ಳು.

ಸೂರ್ಯಕಾಂತಿಯ ತೆನೆಯಲ್ಲಿರುವ ನೂರಾರು ಕಿರುಹೂವುಗಳು ಅಂಚಿನಿಂದ ನಡುವಿನ ಕಡೆಗೆ ಹಲವು ದಿನ ಅರಳುತ್ತ ಹೋಗುತ್ತವೆ. ಒಂದೊಂದು ಕಿರುಹೂವಿನಲ್ಲಿ ಮೊದಲ ದಿನ ಪರಾಗ ಹೊರಬಂದರೆ ಮರುದಿನ ಶಲಾಕಾಗ್ರ ತೆರೆಯುತ್ತದೆ. ಹೀಗಾಗಿ ಪರಾಗ ಬೇರೆ ಹೂವಿನಿಂದ ಬರುವುದೇ ಹೆಚ್ಚು. ಕಾಳು ತುಂಬಲು ಈ ಕ್ರಮಗಳನ್ನು ಅನುಸರಿಸಿ: ಎಕರೆಗೆ 2 ಜೇನುಪೆಟ್ಟಿಗೆ ಇಡಿ. ಜೇನು ಕಡಿಮೆಯಿದ್ದರೆ ಬೆಳಿಗ್ಗೆ 8 ರಿಂದ 11 ಗಂಟೆಯೊಳಗೆ ಮೆತ್ತನೆಯ ಬಟ್ಟೆಯಿಂದ ತೆನೆಗಳನ್ನು ದಿನ ಬಿಟ್ಟು ದಿನ ಹಗುರಾಗಿ ಸವರಿ. ಹಳದಿ ಎಸಳುಗಳು ಬಿಚ್ಚುವಾಗ ಲೀಟರ್ ನೀರಿಗೆ 2 ಗ್ರಾಂ ಬೋರಾಕ್ಸ್ ಬೆರೆಸಿ ತೆನೆಗೆ ಸಿಂಪಡಿಸಿ. ಬೋರಾನ್ ಅಂಶ ಪರಾಗ ನಳಿಕೆ ಬೆಳೆಯಲು ಸಹಾಯಕ.

ಭತ್ತದ ಹೂವು ಅರಳುವುದು ಹೆಚ್ಚಾಗಿ ಬೆಳಿಗ್ಗೆ 9 ರಿಂದ ಮಧ್ಯಾಹ್ನ 12ರ ಒಳಗೆ. ಆ ಹೊತ್ತಿನಲ್ಲಿ ತಾಪಮಾನ 35 ಡಿಗ್ರಿ ಸೆಲ್ಸಿಯಸ್ ದಾಟಿದರೆ ಪರಾಗ ಕೆಡುತ್ತದೆ. ಬೇಸಿಗೆ ಭತ್ತವನ್ನು ತಡವಾಗಿ ನಾಟಿ ಮಾಡಿದರೆ ಹೂವು ಸುಡುಬಿಸಿಲಿಗೆ ಸಿಕ್ಕಿ ಜೊಳ್ಳು ಹೆಚ್ಚುವುದು ಇದರಿಂದಲೇ. ಕಾಲುವೆಗೆ ನೀರು ಬಿಟ್ಟ ಕೂಡಲೇ ನಾಟಿ ಮುಗಿಸಿ, ಹೂವಿನ ಕಾಲದಲ್ಲಿ ಗದ್ದೆ ಒಣಗದಂತೆ ನೋಡಿಕೊಳ್ಳಿ. ಬೆಳಗಿನ ಹೊತ್ತು ಸಿಂಪರಣೆ ಬೇಡ.

ಸಜ್ಜೆಯ ತೆನೆಯಲ್ಲಿ ಶಲಾಕಾಗ್ರಗಳು ಮೊದಲು ಹೊರಬಂದು, ಪರಾಗ ನಂತರ ಉದುರುತ್ತದೆ. ಈ ನಡುವೆ ಜಿಟಿಜಿಟಿ ಮಳೆ ಹಿಡಿದರೆ ಪರಾಗಕ್ಕೆ ಮೊದಲೇ ಅರ್ಗಟ್ ರೋಗದ ಶಿಲೀಂಧ್ರ ಶಲಾಕಾಗ್ರದ ದಾರಿಯಿಂದ ಅಂಡಾಶಯ ಸೇರುತ್ತದೆ. ಪರಾಗ ಮೊದಲು ತಲುಪಿದ ಅಂಡಾಶಯಕ್ಕೆ ರೋಗ ತಗಲುವುದು ಕಷ್ಟ. ಹೊಲವೆಲ್ಲ ಒಮ್ಮೆಗೇ ಹೂವಾಡುವಂತೆ ಒಂದೇ ಹದದಲ್ಲಿ ಬಿತ್ತುವುದರಿಂದ ಇದರ ಬಾಧೆ ತಗ್ಗುತ್ತದೆ.

ಕಾಯಿ ಪರೀಕ್ಷಿಸುವ ವಿಧಾನ

1) ಹೊಲದ ನಾಲ್ಕು ಮೂಲೆ ಮತ್ತು ನಡುವಿನಿಂದ ತಲಾ ನಾಲ್ಕರಂತೆ 20 ಕಾಯಿ ಅಥವಾ ತೆನೆ ಆರಿಸಿ. ಚೆನ್ನಾಗಿರುವುದನ್ನೇ ಇಲ್ಲವೇ ಕೆಟ್ಟದ್ದನ್ನೇ ಆರಿಸಬೇಡಿ.

2) ತೊಗರಿ, ಶೇಂಗಾ ಕಾಯಿಗಳನ್ನು ಬೆಸುಗೆಯ ಗುಂಟ ಬಿಡಿಸಿ. ಹತ್ತಿ, ಬೆಂಡಿ ಕಾಯಿಗಳನ್ನು ಅಡ್ಡ ಕೊಯ್ದು ಕೋಣೆ ಕೋಣೆಯಾಗಿ ನೋಡಿ.

3) ಒಟ್ಟು ಅಂಡಕದ ಜಾಗ ಎಷ್ಟು, ತುಂಬಿದ ಕಾಳು ಎಷ್ಟು, ಹುಳು ತಿಂದದ್ದು ಎಷ್ಟು, ಹುಳುವಿಲ್ಲದೆ ಒಣಗಿದ್ದು ಎಷ್ಟು ಎಂದು ಬೇರೆ ಬೇರೆ ಎಣಿಸಿ ಬರೆದಿಡಿ.

4) ಹುಳು ತಿಂದದ್ದು ಹೆಚ್ಚಾಗಿದ್ದರೆ ಕೀಟ ಹತೋಟಿಯ ಕಡೆಗೆ, ಒಣಗಿದ್ದು ಹೆಚ್ಚಾಗಿದ್ದರೆ ನೀರು, ಪೋಷಕಾಂಶ, ಜೇನುನೊಣ ಮತ್ತು ಬಿತ್ತನೆಯ ಕಾಲದ ಕಡೆಗೆ ಗಮನ ಕೊಡಿ.

5) ಎಲ್ಲ ಜಾಗಗಳೂ ತುಂಬಿದ್ದು ಇಳುವರಿ ಮಾತ್ರ ಕಡಿಮೆಯಿದ್ದರೆ ದೋಷ ಕಾಯಿಯೊಳಗಿಲ್ಲ. ಗಿಡಗಳ ಸಂಖ್ಯೆ, ಕಾಯಿಗಳ ಸಂಖ್ಯೆ ಅಥವಾ ತಳಿಯನ್ನು ಪರಿಶೀಲಿಸಬೇಕು. ನಾಲ್ಕು ಅಂಡಕಗಳ ತಳಿಯಿಂದ ಆರು ಕಾಳು ತೆಗೆಯುವ ಔಷಧಿ ಯಾವ ಅಂಗಡಿಯಲ್ಲಿಯೂ ಸಿಗುವುದಿಲ್ಲ.

ಕಾರಣ ಗುರುತಿಸಲು ತೊಡಕಾದರೆ ಬಿಡಿಸಿದ ಕಾಯಿಗಳನ್ನೂ ಬರೆದಿಟ್ಟ ಲೆಕ್ಕವನ್ನೂ ಕವಡಿಮಟ್ಟಿಯ ಕೃಷಿ ವಿಜ್ಞಾನ ಕೇಂದ್ರಕ್ಕೆ ಅಥವಾ ಭೀಮರಾಯನಗುಡಿಯ ಕೃಷಿ ಮಹಾವಿದ್ಯಾಲಯಕ್ಕೆ ತೆಗೆದುಕೊಂಡು ಹೋಗಿ ವಿಜ್ಞಾನಿಗಳಿಗೆ ತೋರಿಸಿ. ಬರಿಗೈಯಲ್ಲಿ ಹೋಗಿ "ಕಾಳು ಕಟ್ಟಿಲ್ಲ" ಎನ್ನುವುದಕ್ಕಿಂತ 20 ಕಾಯಿಗಳ ಲೆಕ್ಕ ಮುಂದಿಟ್ಟರೆ ಸರಿಯಾದ ಸಲಹೆ ಬೇಗ ಸಿಗುತ್ತದೆ. ಔಷಧಿ ಕೊಳ್ಳುವ ಮೊದಲು ಕಾಯಿ ಬಿಡಿಸಿ ನೋಡುವ ಅರ್ಧ ಗಂಟೆಯ ಕೆಲಸ ಒಂದು ಸಿಂಪರಣೆಯ ಖರ್ಚನ್ನು ಉಳಿಸಬಲ್ಲದು.